ಮೊದಲ ನಾಲ್ಕು ತಿಂಗಳ ಶಿಶುಗಳ ಅಧ್ಯಯನ ಮನೆಯಲ್ಲೇ ಮಾಡುವುದಾದರೆ: ಯಾವ ವಾರಕ್ಕೆ ಯಾವ ಪರೀಕ್ಷೆ?

ತೊಟ್ಟಿಲು_14 ಕೇಳಿದ್ದು:

ಮಂಗಳೂರು ಮತ್ತು ಉಡುಪಿ ತಾಲೂಕಿನ ಎಳೆಗೂಸುಗಳ ಬೆಳವಣಿಗೆಯ ಬಗ್ಗೆ ಒಂದು ಅಧ್ಯಯನದ ಕರಡು ಬರೆಯುತ್ತಿದ್ದೇನೆ. ಹುಟ್ಟಿನಿಂದ ನಾಲ್ಕು ತಿಂಗಳವರೆಗೆ ಮಾತ್ರ. 40 ಮಕ್ಕಳು, ಪ್ರತಿ ಮಗುವಿಗೆ ನಾಲ್ಕು ಭೇಟಿ: 2, 6, 10 ಮತ್ತು 14ನೇ ವಾರ. ಎಲ್ಲ ಭೇಟಿಯೂ ಮನೆಯಲ್ಲೇ, ಯಾಕೆಂದರೆ ನಲವತ್ತು ದಿನ ಕಳೆಯುವ ಮೊದಲು ಮಗುವನ್ನು ಹೊರಗೆ ಕರೆತರಲು ಇಲ್ಲಿ ಎಷ್ಟೋ ಮನೆಯವರು ಒಪ್ಪುವುದಿಲ್ಲ. ಕೈಯಲ್ಲಿರುವ ಸಾಮಾನು: ಒಂದು ಕ್ಯಾಮೆರಾ, ಟ್ರೈಪಾಡ್, 15 ಇಂಚಿನ ಲ್ಯಾಪ್‌ಟಾಪ್, ಒಂದು ಸಣ್ಣ ಸ್ಪೀಕರ್.

ನೋಡಬೇಕೆಂದಿರುವುದು ಇಷ್ಟು. ಕೈಕಾಲಿನ ಚಲನೆ ವಾರದಿಂದ ವಾರಕ್ಕೆ ಹೇಗೆ ಬದಲಾಗುತ್ತದೆ. ಕಂಡ ಚಿತ್ರಕ್ಕೂ ಹೊಸ ಚಿತ್ರಕ್ಕೂ ಇರುವ ವ್ಯತ್ಯಾಸ ಮಗುವಿಗೆ ತಿಳಿಯುತ್ತದೆಯೇ. ತುಳು ಮತ್ತು ಕನ್ನಡವನ್ನು ಕಿವಿ ಬೇರೆ ಮಾಡುತ್ತದೆಯೇ. ಇದರ ಮೇಲೆ, ನಾಲಗೆ ಚಾಚಿ ತೋರಿಸಿದರೆ ಮಗುವೂ ಚಾಚುತ್ತದೆಯೇ ಎಂಬ ಅನುಕರಣೆಯ ಪರೀಕ್ಷೆಯನ್ನೂ ಸೇರಿಸುವ ಆಲೋಚನೆ ಉಂಟು.

ಸಂಶಯಗಳು: ನಾಲ್ಕೂ ಒಂದೇ ಭೇಟಿಯಲ್ಲಿ ಮುಗಿಯುತ್ತದಾ? 40 ಮಕ್ಕಳು ಸಾಕಾ? ಅವಧಿಗೆ ಮೊದಲು ಹುಟ್ಟಿದವರನ್ನು ಸೇರಿಸುವುದಾ ಬಿಡುವುದಾ? ವಿಧಾನ ಗೊತ್ತಿದ್ದವರು ದಯವಿಟ್ಟು ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಿ.

ಚಾಪೆ_ಟ್ರೈಪಾಡ್ ಉತ್ತರ:

ನಾಲ್ಕೂ ಒಂದೇ ಭೇಟಿಯಲ್ಲಿ ಆಗಲಿಕ್ಕಿಲ್ಲ. ಎರಡು ವಾರದ ಮಗು ಕಣ್ಣು ಬಿಟ್ಟುಕೊಂಡು, ಅಳದೆ, ಶಾಂತವಾಗಿ ಎಚ್ಚರ ಇರುವುದು ಒಂದು ಸಲಕ್ಕೆ ಕೆಲವೇ ನಿಮಿಷ. ಆ ನಿಮಿಷಗಳನ್ನು ಯಾವುದಕ್ಕೆ ಖರ್ಚು ಮಾಡುತ್ತೀರಿ ಎನ್ನುವುದರ ಮೇಲೆ ನಿಮ್ಮ ಯೋಜನೆ ನಿಂತಿದೆ.

ಕರಡಿನಲ್ಲಿ ವಯಸ್ಸು ಇದೆ, ಮಗುವಿನ ಸ್ಥಿತಿ ಇಲ್ಲ. ಮೊದಲು ಅದನ್ನು ಸೇರಿಸಿ. ಶಿಶುಗಳ ನರವಿಜ್ಞಾನದಲ್ಲಿ ಕೆಲಸ ಮಾಡಿದ ಹೈಂಜ್ ಪ್ರೆಕ್ಟ್ಲ್ ಹಾಕಿಕೊಟ್ಟ ಐದು ಸ್ಥಿತಿಗಳ ವಿಂಗಡಣೆ ಈ ಕೆಲಸಕ್ಕೆ ಸಾಕು: 1 ಶಾಂತ ನಿದ್ದೆ, 2 ಕಣ್ಣುಗುಡ್ಡೆ-ಮೈ ಅಲುಗುವ ನಿದ್ದೆ, 3 ಶಾಂತ ಎಚ್ಚರ, 4 ಕೈಕಾಲು ಆಡಿಸುವ ಎಚ್ಚರ, 5 ಅಳು. ಚಿತ್ರ ಮತ್ತು ಧ್ವನಿಯ ಪರೀಕ್ಷೆಗೆ 3 ಬೇಕು. ಚಲನೆಯ ವಿಡಿಯೋಗೆ 4 ಬೇಕು. ಒಂದಕ್ಕೆ ಒಳ್ಳೆಯ ಹೊತ್ತು ಇನ್ನೊಂದಕ್ಕೆ ಕೆಟ್ಟ ಹೊತ್ತು. ವಿಡಿಯೋ ನೋಡುವಾಗ ನಿಮಿಷಕ್ಕೊಮ್ಮೆ ಸ್ಥಿತಿಯ ಅಂಕೆ ಬರೆದಿಡಿ. ಇಲ್ಲದಿದ್ದರೆ ಆರನೇ ವಾರದಲ್ಲಿ ‘ಗಮನ ಕಡಿಮೆಯಾಯಿತು’ ಎಂದು ನೀವು ಬರೆಯುವುದು ನಿಜದಲ್ಲಿ ಆ ಹೊತ್ತಿನ ತೂಕಡಿಕೆ ಆಗಿರುತ್ತದೆ. ಅಳುವಿನ ಪ್ರಮಾಣವೂ ಹೆಚ್ಚಿನ ಮಕ್ಕಳಲ್ಲಿ ಆರನೇ ವಾರದ ಆಸುಪಾಸಿನಲ್ಲೇ ಶಿಖರಕ್ಕೆ ಹೋಗಿ ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಿಮ್ಮ ಎರಡನೇ ಭೇಟಿ ಸರಿಯಾಗಿ ಅದರ ಮೇಲೆ ಬಿದ್ದಿದೆ.

ಹೊತ್ತಿನ ಆಯ್ಕೆ: ಎಣ್ಣೆ ಹಚ್ಚಿ ಹಂಡೆಯ ಬಿಸಿನೀರಿನಲ್ಲಿ ಮೀಯಿಸಿದ ಮಗು ಮತ್ತೆ ಒಳ್ಳೆಯ ನಿದ್ದೆ ಹೊಡೆಯುತ್ತದೆ. ‘ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇವೆ’ ಎಂದರೆ ಎಷ್ಟೋ ಮನೆಗಳಲ್ಲಿ ಅದು ಸ್ನಾನ ಮುಗಿದ ಹೊತ್ತು. ಮೀಯಿಸಲು ಬರುವವರು ಎಷ್ಟು ಗಂಟೆಗೆ ಬರುತ್ತಾರೆ ಎಂದು ಹಿಂದಿನ ದಿನವೇ ಕೇಳಿ. ಎದ್ದು, ಹಾಲು ಕುಡಿದು, ತೇಗಿ, ಅರ್ಧ ಗಂಟೆ ಕಳೆದ ಮೇಲಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು.

ಚಲನೆಯ ವಿಡಿಯೋಗೆ ಪ್ರೆಕ್ಟ್ಲ್ ಅವರ ‘ಜನರಲ್ ಮೂವ್‌ಮೆಂಟ್ಸ್’ ವಿಧಾನ ನಿಮ್ಮ ಸಾಮಾನಿಗೆ ಹೇಳಿ ಮಾಡಿಸಿದ್ದು. ಹುಟ್ಟಿನಿಂದ ಸುಮಾರು 6ರಿಂದ 9 ವಾರದವರೆಗೆ ಇಡೀ ಮೈ ಹೊರಳಿಸಿ ತಿರುಚುವ ಚಲನೆ ಇರುತ್ತದೆ, ಇದನ್ನು ರೈದಿಂಗ್ ಎನ್ನುತ್ತಾರೆ. ಸುಮಾರು 9ನೇ ವಾರದಿಂದ 20ನೇ ವಾರದವರೆಗೆ ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಪಾದದ ಗಂಟುಗಳಲ್ಲಿ ಎಲ್ಲ ದಿಕ್ಕಿಗೂ ಸಣ್ಣ ಸಣ್ಣದಾಗಿ ತುಳುಕುವ ಚಲನೆ, ಅದು ಫಿಡ್ಜೆಟಿ. ಈ ಎರಡನೆಯದು ಸರಿಯಾದ ವಯಸ್ಸಿನಲ್ಲಿ ಕಾಣಿಸದೇ ಇದ್ದರೆ ಸೆರೆಬ್ರಲ್ ಪಾಲ್ಸಿಯ (ಮೆದುಳಿನ ಹಾನಿಯಿಂದ ಮೈಯ ಚಲನೆ ಕುಂದುವ ಸ್ಥಿತಿ) ಬಲವಾದ ಮುನ್ಸೂಚನೆ. ನಿಮ್ಮ 14ನೇ ವಾರದ ಭೇಟಿ ಇದಕ್ಕೆ ಚೆನ್ನಾಗಿ ಕೂರುತ್ತದೆ. 10ನೇ ವಾರ ಅಂಚಿನಲ್ಲಿದೆ. ಆಗ ಕಾಣಲಿಲ್ಲ ಎಂದು ‘ಇಲ್ಲ’ ಎಂಬ ಗುರುತು ಹಾಕಬೇಡಿ, 14ಕ್ಕೆ ಮತ್ತೆ ನೋಡಿ.

ರೆಕಾರ್ಡಿಂಗ್ ಮಾಡುವ ಕ್ರಮ:

ಚಾಪೆಯ ಮೇಲೆ ಒಂದೇ ಬಣ್ಣದ ಬಟ್ಟೆ ಹಾಸಿ ಮಗುವನ್ನು ಅಂಗಾತ ಮಲಗಿಸಿ. ಹೂವಿನ ಚಿತ್ತಾರದ ಬೆಡ್‌ಶೀಟ್ ಬೇಡ, ಬೆರಳಿನ ಚಲನೆ ಅದರಲ್ಲಿ ಕಳೆದುಹೋಗುತ್ತದೆ. ಮಗುವಿನ ಮೈಮೇಲೆ ಡೈಪರ್ ಅಥವಾ ಲಂಗೋಟಿ ಮಾತ್ರ. ಕೈಚೀಲ, ಕಾಲುಚೀಲ, ಸುತ್ತಿದ ಬಟ್ಟೆ ತೆಗೆಯಿರಿ. ಕೈಯ ಕರಿಮಣಿ, ಕಡಗ ಮಣಿಕಟ್ಟನ್ನು ಮುಚ್ಚುತ್ತವೆ, ಕಾಲ್ಗೆಜ್ಜೆ ಸದ್ದು ಮಾಡಿ ಮಗುವಿನ ಗಮನವನ್ನೇ ಎಳೆಯುತ್ತದೆ. ತೆಗೆಯಲು ಮನೆಯವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡದೆ ಮೇಲಕ್ಕೆ ಸರಿಸಿ. ಕ್ಯಾಮೆರಾ ಪಾದದ ಕಡೆಯಿಂದ, ಎತ್ತರದಿಂದ ಕೆಳಮುಖವಾಗಿ ಇರಲಿ. ಮುಖ ಮತ್ತು ನಾಲ್ಕೂ ಕೈಕಾಲು ಸದಾ ಚೌಕಟ್ಟಿನೊಳಗೆ ಇರಬೇಕು. ಜೂಮ್ ಮಾಡಬೇಡಿ. ಅಮ್ಮ ಹತ್ತಿರ ಇರಲಿ, ಆದರೆ ಮಾತಾಡಿಸುವುದು, ಚಿಟಿಕೆ ಹೊಡೆಯುವುದು, ಗಿಲಕಿ ಆಡಿಸುವುದು ಬೇಡ. ಮಗು ಯಾರನ್ನಾದರೂ ನೋಡಿ ನಗಲು ಶುರು ಮಾಡಿದರೆ ಫಿಡ್ಜೆಟಿ ಚಲನೆ ಮಸುಕಾಗುತ್ತದೆ. ಬಾಯಲ್ಲಿ ನಿಪ್ಪಲ್ ಇರಬಾರದು. ಮೂರರಿಂದ ಐದು ನಿಮಿಷದ ಒಳ್ಳೆಯ ತುಣುಕು ಸಿಕ್ಕಿದರೆ ಕೆಲಸ ಆಯಿತು. ಬಿಕ್ಕಳಿಕೆ, ಅಳು ಇರುವ ಭಾಗ ಲೆಕ್ಕಕ್ಕಿಲ್ಲ.

ಇಲ್ಲಿನ ಮನೆಗಳಲ್ಲಿ ದೊಡ್ಡ ಶತ್ರು ಸೀಲಿಂಗ್ ಫ್ಯಾನ್. ಅಂಗಾತ ಮಲಗಿದ ಮಗುವಿಗೆ ತಲೆಯ ಮೇಲೆ ತಿರುಗುವ ರೆಕ್ಕೆಗಿಂತ ಆಕರ್ಷಕವಾದದ್ದು ಬೇರೆ ಇಲ್ಲ; ಕಣ್ಣು ಅಲ್ಲೇ ನಿಂತರೆ ಮೈಯೂ ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನ್ ಆರಿಸಿದರೆ ಬೆವತು ಅಳು. ಉಪಾಯ: ಸ್ಟ್ಯಾಂಡ್ ಫ್ಯಾನನ್ನು ಮಗುವಿನ ತಲೆಯ ಹಿಂದೆ ಗೋಡೆಗೆ ಮುಖ ಮಾಡಿ ಇಡುವುದು. ಕಿಟಕಿಯ ಬೆಳಕೂ ಹಾಗೆಯೇ, ಮಗು ಆ ಕಡೆಗೇ ತಲೆ ತಿರುಗಿಸಿ ಮಲಗುತ್ತದೆ. ಆಗ ಕುತ್ತಿಗೆಯ ಅಸಮಪಾರ್ಶ್ವ ರಿಫ್ಲೆಕ್ಸ್ (ತಾನಾಗಿ ಆಗುವ ಪ್ರತಿಕ್ರಿಯೆ) ಬಂದು ಒಂದು ಕೈ ಚಾಚಿ, ಇನ್ನೊಂದು ಮಡಚಿ, ಇಡೀ ವಿಡಿಯೋ ಓರೆಯಾಗಿ ಕಾಣುತ್ತದೆ. ತೆಳು ಬಿಳಿ ಪರದೆ ಎಳೆದರೆ ಸರಿಹೋಗುತ್ತದೆ.

ಅಂಕ ಹಾಕುವವರು ಇಬ್ಬರು ಇರಲಿ, ಇಬ್ಬರೂ ಈ ವಿಧಾನದ ತರಬೇತಿ ಪಡೆದಿರಲಿ, ಮಗುವಿನ ಹೆರಿಗೆಯ ವಿವರ ಇಬ್ಬರಿಗೂ ಗೊತ್ತಿರಬಾರದು. ಸದ್ದು ಮ್ಯೂಟ್ ಮಾಡಿ ನೋಡಬೇಕು. ಒಂದೊಂದು ಕೀಲನ್ನು ಬಿಡಿಬಿಡಿಯಾಗಿ ನೋಡುವುದಕ್ಕಿಂತ ಒಟ್ಟಂದವನ್ನು ಒಮ್ಮೆಗೆ ಹಿಡಿಯುವ ಕಣ್ಣು ಇದಕ್ಕೆ ಬೇಕು. ಮುಕ್ಕಾಲು ಗಂಟೆ ನೋಡಿದ ಮೇಲೆ ಆ ಕಣ್ಣು ದಣಿಯುತ್ತದೆ. ಒಂದೇ ಸಂಜೆಗೆ ಇಪ್ಪತ್ತು ವಿಡಿಯೋ ಮುಗಿಸುವವರ ಅಂಕವನ್ನು ನಂಬಲಿಕ್ಕೆ ಹೋಗಬೇಡಿ.

ರಿಫ್ಲೆಕ್ಸ್‌ಗಳ ಪಟ್ಟಿಯನ್ನೂ ಸೇರಿಸುವ ಮನಸ್ಸಿದ್ದರೆ ಒಂದು ಎಚ್ಚರಿಕೆ. ‘ಹೆಜ್ಜೆ ಹಾಕುವ ರಿಫ್ಲೆಕ್ಸ್ ಎರಡು ತಿಂಗಳಿಗೆ ಮಾಯವಾಯಿತು, ಅಂದರೆ ಮೆದುಳು ಬಲಿಯಿತು’ ಎಂದು ಬರೆಯಬೇಡಿ. 1984ರಲ್ಲಿ ಎಸ್ತರ್ ಥೆಲನ್ ಮತ್ತು ಜೊತೆಗಾರರು ಅಂಥ ಮಕ್ಕಳ ಕಾಲನ್ನು ನೀರಿನಲ್ಲಿ ಮುಳುಗಿಸಿ ಹಿಡಿದಾಗ ಹೆಜ್ಜೆ ಮತ್ತೆ ಹೆಚ್ಚಾಯಿತು. ಸಣ್ಣ ಭಾರ ಕಟ್ಟಿದಾಗ ಕಡಿಮೆಯಾಯಿತು. ಕಾಲಿನ ಕೊಬ್ಬು ಬೆಳೆದಷ್ಟು ಬೇಗ ಸ್ನಾಯುವಿನ ಬಲ ಬೆಳೆದಿರುವುದಿಲ್ಲ, ಅಷ್ಟೇ.

ಯಾನ್_ಮಲ್ಪುವೆ ಉತ್ತರ:

ಚಿತ್ರ ಮತ್ತು ಭಾಷೆಯ ಭಾಗಕ್ಕೆ ಮಾತ್ರ ಬರೆಯುತ್ತೇನೆ.

ಚಿತ್ರ: ನವಜಾತ ಶಿಶುವಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದಲ್ಲಿ, ಅದೂ ದಪ್ಪ ಕಪ್ಪು-ಬಿಳುಪು ಅಂಚು ಇದ್ದರೆ. ರಾಬರ್ಟ್ ಫ್ಯಾಂಟ್ಸ್ 1960ರ ದಶಕದ ಆರಂಭದಲ್ಲಿ ಪಟ್ಟೆ, ಮುಖದ ಚಿತ್ರ, ಸಾದಾ ಬಿಲ್ಲೆಗಳನ್ನು ತೋರಿಸಿ ಶಿಶುಗಳು ಯಾವುದನ್ನು ಹೆಚ್ಚು ಹೊತ್ತು ನೋಡುತ್ತವೆ ಎಂದು ಅಳೆದರಲ್ಲ, ಆ ತರಹದ ಸರಳ ಹೋಲಿಕೆ ಎರಡನೇ ವಾರಕ್ಕೂ ಆಗುತ್ತದೆ. ಪಟ್ಟೆಯ ಅಗಲ 2 ಸೆಂ.ಮೀ.ಗಿಂತ ಕಡಿಮೆ ಮಾಡಬೇಡಿ. ಹದಿನಾಲ್ಕನೇ ವಾರಕ್ಕೆ ಲ್ಯಾಪ್‌ಟಾಪನ್ನು 57 ಸೆಂ.ಮೀ. ದೂರಕ್ಕೆ ಸರಿಸಿ, ಆ ದೂರದಲ್ಲಿ 1 ಸೆಂ.ಮೀ. ಎಂದರೆ ನೋಟದ ಕೋನದಲ್ಲಿ ಹೆಚ್ಚುಕಡಿಮೆ 1 ಡಿಗ್ರಿ, ಲೆಕ್ಕ ಸುಲಭ.

ಹ್ಯಾಬಿಚುಯೇಷನ್, ಅಂದರೆ ಒಂದೇ ಚಿತ್ರ ತೋರಿಸಿ ತೋರಿಸಿ ಬೇಸರ ಬರಿಸಿ ಆಮೇಲೆ ಹೊಸದನ್ನು ತೋರಿಸುವ ವಿಧಾನ, ಅದನ್ನು 6ನೇ ವಾರಕ್ಕೆ ಇಡಬೇಡಿ. ಒಂದರಿಂದ ಎರಡು-ಮೂರು ತಿಂಗಳ ನಡುವೆ ಮಗುವಿನ ಕಣ್ಣು ಕಂಡದ್ದಕ್ಕೆ ಅಂಟಿಕೊಂಡು ಬಿಡುತ್ತದೆ. ಬೇರೆ ಕಡೆ ನೋಡಲು ಬರುವುದಿಲ್ಲ, ಕೊನೆಗೆ ಅತ್ತು ಬಿಡಿಸಿಕೊಳ್ಳುತ್ತದೆ. ದೀರ್ಘ ನೋಟ ಅಂದರೆ ಆಸಕ್ತಿ ಎಂಬ ನಿಮ್ಮ ಅಳತೆಗೋಲೇ ಅಲ್ಲಿ ಸುಳ್ಳಾಗುತ್ತದೆ. 14ನೇ ವಾರಕ್ಕೆ ಮಾಡಿ. ನಿಯಮ ಮೊದಲೇ ಬರೆದಿಡಿ: ಮಗು 2 ಸೆಕೆಂಡ್ ಆಚೆ ನೋಡಿದರೆ ಆ ಸರದಿ ಮುಗಿಯಿತು, ಕೊನೆಯ ಮೂರು ಸರದಿಯ ಸರಾಸರಿ ಮೊದಲ ಮೂರರ ಅರ್ಧಕ್ಕಿಂತ ಕೆಳಗಿಳಿದರೆ ಪರೀಕ್ಷೆಯ ಚಿತ್ರಗಳಿಗೆ ಹೋಗುವುದು, ಅರ್ಧದಷ್ಟು ಮಕ್ಕಳಿಗೆ ಹೊಸದು ಮೊದಲು, ಉಳಿದವರಿಗೆ ಹಳೆಯದು ಮೊದಲು. ಮಗು ಅಮ್ಮನ ಮಡಿಲಲ್ಲಿದ್ದರೆ ಅಮ್ಮನ ಕಣ್ಣು ಮುಚ್ಚಿರಲಿ. ಅವರು ಪರದೆ ನೋಡಿದರೆ ಮೈ ತುಸು ಆ ಕಡೆ ವಾಲುತ್ತದೆ, ಮಗುವೂ ವಾಲುತ್ತದೆ. ಪೂರ್ತಿ ಬೇಸರ ಬರುವ ಮೊದಲೇ ಪರೀಕ್ಷೆಗೆ ಹೋದರೆ ಮಗು ಹೊಸದರ ಬದಲು ಹಳೆಯದನ್ನೇ ಹೆಚ್ಚು ನೋಡುವುದುಂಟು, ಫಲಿತಾಂಶ ತಲೆಕೆಳಗಾಗಿ ಬರುತ್ತದೆ.

ಭಾಷೆ: ಇಲ್ಲಿ ಪ್ರಶ್ನೆಯನ್ನೇ ತಿದ್ದಬೇಕು. ಧ್ವನಿಗಳನ್ನು ಬೇರೆ ಮಾಡುವ ಶಕ್ತಿ ಈ ವಯಸ್ಸಿನಲ್ಲಿ ಮನೆಮಾತಿಗೆ ಕಟ್ಟುಬಿದ್ದಿಲ್ಲ. ಇಂಗ್ಲಿಷ್ ಮನೆಗಳ 6-8 ತಿಂಗಳ ಮಕ್ಕಳೂ ಹಿಂದಿಯ ತ-ಟ ವ್ಯತ್ಯಾಸ ಹಿಡಿಯುತ್ತಾರೆ, 10-12 ತಿಂಗಳಿಗೆ ಅದು ಕುಗ್ಗುತ್ತದೆ ಎಂದು ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದರು. ನಮ್ಮ ತುಳುವಿನಲ್ಲಿ ‘ಯಾನ್ ಮಲ್ಪುವೆ’ (ನಾನು ಮಾಡುತ್ತೇನೆ), ‘ಆಯೆ ಮಲ್ಪುವೆ’ (ಅವನು ಮಾಡುತ್ತಾನೆ) ಉಂಟಲ್ಲ, ಕನ್ನಡ ಲಿಪಿಯಲ್ಲಿ ಎರಡೂ ಒಂದೇ, ಬಾಯಲ್ಲಿ ಮೊದಲನೆಯದರ ಕೊನೆಯ ಸ್ವರ ಅಗಲ, ಎರಡನೆಯದರದ್ದು ಕಿರಿದು. ಇಂಥ ಜೋಡಿ ಪರೀಕ್ಷೆಗೆ ಬಲು ಚೆಂದ. ಆದರೆ ಮೂರೂವರೆ ತಿಂಗಳ ಮಗು ಅದನ್ನು ಬೇರೆ ಮಾಡಿದರೂ ‘ತುಳು ಕೇಳಿ ಬೆಳೆದದ್ದರಿಂದ’ ಎಂದು ಹೇಳಲು ಬರುವುದಿಲ್ಲ. ತುಳು ಕೇಳದ ಮಗುವೂ ಬೇರೆ ಮಾಡೀತು.

ಇನ್ನು ಇಡೀ ವಾಕ್ಯದ ಧಾಟಿ. ಲಯ ದೂರವಿರುವ ಭಾಷೆಗಳನ್ನು ಹುಟ್ಟಿದ ಕೆಲವು ದಿನಗಳಲ್ಲೇ ಬೇರೆ ಮಾಡುತ್ತಾರೆ. 1998ರ ಪ್ರಯೋಗವೊಂದರಲ್ಲಿ ಫ್ರೆಂಚ್ ನವಜಾತ ಶಿಶುಗಳು ಇಂಗ್ಲಿಷ್-ಜಪಾನಿ ಬೇರೆ ಮಾಡಿದವು, ಇಂಗ್ಲಿಷ್-ಡಚ್ ಮಾಡಲಿಲ್ಲ. ಲಯ ಹತ್ತಿರವಿರುವ ಸ್ಪ್ಯಾನಿಷ್-ಕ್ಯಾಟಲನ್ ಜೋಡಿಯನ್ನು ಬಾರ್ಸಿಲೋನಾದ ಮಕ್ಕಳು ನಾಲ್ಕು ತಿಂಗಳ ಹೊತ್ತಿಗೆ ಬೇರೆ ಮಾಡಿದರು. ತುಳು-ಕನ್ನಡ ಅಕ್ಕಪಕ್ಕದ ಭಾಷೆಗಳು. ಹಾಗಾಗಿ 2 ಮತ್ತು 6ನೇ ವಾರಕ್ಕೆ ಈ ಪರೀಕ್ಷೆ ಬಿಟ್ಟುಬಿಡಿ, ಕೊನೆಯ ಭೇಟಿಗೆ ಮಾತ್ರ ಇಡಿ, ಸಾಧ್ಯವಾದರೆ ಅದನ್ನು 16ನೇ ವಾರಕ್ಕೆ ತಳ್ಳಿ.

ವಾಕ್ಯಗಳನ್ನು ಎರಡೂ ಭಾಷೆ ಸಲೀಸಾಗಿ ಆಡುವ ಒಬ್ಬರೇ ಹೆಂಗಸಿನಿಂದ ರೆಕಾರ್ಡ್ ಮಾಡಿಸಿ. ತುಳು ಒಬ್ಬರದ್ದು, ಕನ್ನಡ ಇನ್ನೊಬ್ಬರದ್ದು ಆದರೆ ಮಗು ಗುರುತಿಸಿದ್ದು ಭಾಷೆಯನ್ನೋ ಗಂಟಲನ್ನೋ ಯಾರಿಗೆ ಗೊತ್ತು? ವಾಕ್ಯದ ಉದ್ದ, ಸ್ವರದ ಎತ್ತರ, ಜೋರು ಸರಿದೂಗಿಸಿ. ಧಾಟಿ ಮಾತ್ರ ಉಳಿಸಿಕೊಳ್ಳಲು 400 ಹರ್ಟ್ಸ್‌ಗಿಂತ ಮೇಲಿನದ್ದನ್ನು ಸೋಸುವ ಕ್ರಮ ಉಂಟು. ಸ್ಪೀಕರ್ ಮಗುವಿನ ಕಿವಿಯ ಬಳಿ 60-65 ಡೆಸಿಬೆಲ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಅಥವಾ ಶೀಟಿನ ಮಾಡಿನ ಮನೆಯಲ್ಲಿ ಇದನ್ನು ಮಾಡಲು ಹೊರಡಬೇಡಿ, ಮಳೆಯ ಸದ್ದೇ ಅದನ್ನು ಮೀರುತ್ತದೆ.

ಧ್ವನಿ ಬದಲಾದಾಗ ನಿಪ್ಪಲ್ ಚೀಪುವ ವೇಗ ಏರುತ್ತದೆಯೇ ಎಂದು ಅಳೆಯುವ ವಿಧಾನ ಓದಿರುತ್ತೀರಿ. 1971ರಲ್ಲಿ ಐಮಾಸ್ ತಂಡ ಒಂದು ಮತ್ತು ನಾಲ್ಕು ತಿಂಗಳ ಮಕ್ಕಳಲ್ಲಿ ಬ-ಪ ವ್ಯತ್ಯಾಸ ಕಂಡದ್ದು ಅದರಿಂದ. ಆಗಷ್ಟೇ ಹುಟ್ಟಿದ ಮಕ್ಕಳ ಮೇಲೆ ಬಲವಾದ ಉಪಕರಣ ಅದೇ. ಆದರೆ ಎದೆಹಾಲು ಪ್ರೋತ್ಸಾಹಿಸುವ ಆಸ್ಪತ್ರೆಗಳಲ್ಲಿ ಕೃತಕ ನಿಪ್ಪಲ್ ಬಾಯಿಗೆ ಇಡುವುದಕ್ಕೆ ನೈತಿಕ ಸಮಿತಿ ಒಪ್ಪುವುದು ಕಷ್ಟ, ಒಪ್ಪದಿದ್ದರೆ ಅದು ತಪ್ಪೂ ಅಲ್ಲ. ತಲೆ ತಿರುಗಿಸುವ ವಿಧಾನಕ್ಕೆ ಕುತ್ತಿಗೆ ನಿಲ್ಲಬೇಕು, ಅದು ನಿಮ್ಮ ವಯಸ್ಸಿಗೆ ಹೊರಗೆ. ಉಳಿಯುವುದು ಒಂದೇ: ಪರದೆಯ ನಡುವೆ ಒಂದು ಚೌಕುಳಿ ಚಿತ್ರ, ಮಗು ಅದನ್ನು ನೋಡುತ್ತಿರುವಷ್ಟು ಹೊತ್ತು ಮಾತ್ರ ಧ್ವನಿ.

ಮನೆಯಲ್ಲಿ ಯಾರು ಯಾವ ಭಾಷೆ ಎಂದು ‘ಮನೆಮಾತು?’ ಎಂಬ ಒಂದು ಖಾನೆಯಲ್ಲಿ ಮುಗಿಸಬೇಡಿ. ಅಮ್ಮ ಕೊಂಕಣಿ, ಅಜ್ಜಿ ತುಳು, ಪಕ್ಕದ ಮನೆಯವರು ಬ್ಯಾರಿ, ಟಿವಿ ಕನ್ನಡ ಅಂದರೆ ಏನೆಂದು ಬರೆಯುತ್ತೀರಿ? ಮಗು ಎಚ್ಚರ ಇರುವ ಗಂಟೆಗಳಲ್ಲಿ ಯಾರು ಎಷ್ಟು ಹೊತ್ತು ಎತ್ತಿಕೊಂಡು ಮಾತಾಡುತ್ತಾರೆ ಎಂದು ಒಬ್ಬೊಬ್ಬರದ್ದೂ ಕೇಳಿ ಶೇಕಡಾ ಹಾಕಿ. ಬಸುರಿಯಿದ್ದಾಗ ಅಮ್ಮ ಆಡುತ್ತಿದ್ದ ಭಾಷೆಯನ್ನೂ ಕೇಳಿ. ಇಂಗ್ಲಿಷ್ ಮತ್ತು ಟಗಾಲಾಗ್ ಎರಡನ್ನೂ ಆಡುವ ತಾಯಂದಿರ ನವಜಾತ ಶಿಶುಗಳು ಎರಡಕ್ಕೂ ಸಮನಾಗಿ ಕಿವಿಗೊಟ್ಟವು ಎಂಬ 2010ರ ಫಲಿತಾಂಶ ನಿಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರದ್ದು.

ಗಿಲಕಿ ಉತ್ತರ:

ನಾಲಗೆ ಚಾಚುವ ಪರೀಕ್ಷೆ ಕೈಬಿಡಿ. ಎಳೆಗೂಸುಗಳೂ ಇಂಥ ಅನುಕರಣೆ ಮಾಡುತ್ತವೆ ಎಂದು ಮೆಲ್ಟ್ಸಾಫ್ ಮತ್ತು ಮೂರ್ 1977ರಲ್ಲಿ ಹೇಳಿದ್ದು ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತಿದೆ ನಿಜ. 2016ರಲ್ಲಿ 106 ಮಕ್ಕಳನ್ನು 1, 3, 6, 9ನೇ ವಾರಗಳಲ್ಲಿ ನೋಡಿದಾಗ, ನಾಲಗೆ ತೋರಿಸಿದಾಗ ಎಷ್ಟೋ ಬೇರೆ ಏನನ್ನು ತೋರಿಸಿದಾಗಲೂ ಅಷ್ಟೇ ನಾಲಗೆ ಚಾಚಿದ್ದು ಕಂಡಿತು. ಮೂಲ ಪಕ್ಷದವರು ಅದೇ ಅಂಕಿಗಳನ್ನು ಬೇರೆ ರೀತಿ ಲೆಕ್ಕ ಹಾಕಿ ಉತ್ತರ ಕೊಟ್ಟಿದ್ದಾರೆ, ಜಗಳ ನಿಂತಿಲ್ಲ. 40 ಮಕ್ಕಳಿಂದ ನೀವು ಅದನ್ನು ತೀರ್ಮಾನ ಮಾಡಲಾರಿರಿ, ಆದರೆ ಎರಡನೇ ವಾರದ ಅಮೂಲ್ಯ ಐದು ನಿಮಿಷ ಅದಕ್ಕೆ ಹೋಗುತ್ತದೆ.

ಅದರ ಬದಲು 14ನೇ ವಾರಕ್ಕೆ ಟ್ರಾನಿಕ್ ಅವರ ‘ಸ್ಟಿಲ್ ಫೇಸ್’ ಇಡಬಹುದು. ಅಮ್ಮ 2 ನಿಮಿಷ ಆಡಿಸುವುದು, 2 ನಿಮಿಷ ಮುಖದಲ್ಲಿ ಭಾವವಿಲ್ಲದೆ ಸುಮ್ಮನೆ ನೋಡುವುದು, ಮತ್ತೆ 2 ನಿಮಿಷ ಆಡಿಸುವುದು. ಒಂದು ಕ್ಯಾಮೆರಾ ಮಾತ್ರ ಇದ್ದರೆ ಅಮ್ಮನ ಮುಖಕ್ಕಾಗಿ ಮಗುವಿನ ಹಿಂದೆ ಕನ್ನಡಿ ನಿಲ್ಲಿಸಿ. ಮಗು ಜೋರಾಗಿ ಅತ್ತರೆ ಎಷ್ಟು ಸೆಕೆಂಡಿಗೆ ನಿಲ್ಲಿಸುವುದು ಎಂದು ಮೊದಲೇ ತೀರ್ಮಾನಿಸಿ, 20 ಸಾಕು. ಅಜ್ಜಿಗೆ ಮೊದಲೇ ವಿವರಿಸದಿದ್ದರೆ ಎರಡನೇ ಹಂತದಲ್ಲಿ ‘ಎಂತ ಮಾರಾಯ್ತಿ, ಮಗುವನ್ನು ನೋಡುವುದಿಲ್ವಾ?’ ಎಂದು ಅವರೇ ಎತ್ತಿಕೊಂಡು ಹೋಗುತ್ತಾರೆ.

ತೊಟ್ಟಿಲು_14 ಬರೆದದ್ದು:

ಬಹಳ ಉಪಕಾರ ಆಯಿತು. ಅನುಕರಣೆ ತೆಗೆದೆ, ಹ್ಯಾಬಿಚುಯೇಷನ್ ಮತ್ತು ಭಾಷೆ ಕೊನೆಯ ಭೇಟಿಗೆ ಹೋಯಿತು. ಎರಡನ್ನೂ ಸ್ಟಿಲ್ ಫೇಸ್ ಜೊತೆ ಒಂದೇ ದಿನ ಇಡುವುದು ಹೆಚ್ಚಾಗುತ್ತದೆ, ಹಾಗಾಗಿ 14 ಮತ್ತು 16ನೇ ವಾರ ಎಂದು ಒಡೆಯುತ್ತೇನೆ. ಸಂಖ್ಯೆ ಮತ್ತು ಅವಧಿಪೂರ್ವ ಶಿಶುಗಳ ಬಗ್ಗೆ ಯಾರಾದರೂ ಹೇಳುವಿರಾ? ಇನ್ನೊಂದು: ಕಣ್ಣಿನ ಚಲನೆ ಹಿಡಿಯುವ ಐ-ಟ್ರ್ಯಾಕರ್ ಎರವಲು ಸಿಗುವ ಸಾಧ್ಯತೆ ಉಂಟು, ತರಬೇಕಾ?

ದಿನಲೆಕ್ಕ ಉತ್ತರ:

ವಯಸ್ಸನ್ನು ತಿಂಗಳಲ್ಲಿ ಬರೆಯಬೇಡಿ, ವಾರದಲ್ಲೂ ಬೇಡ, ದಿನದಲ್ಲಿ ಬರೆಯಿರಿ. ಈ ಹಂತದಲ್ಲಿ ಹತ್ತು ದಿನ ದೊಡ್ಡ ಅಂತರ.

ಅವಧಿಪೂರ್ವ ಮಕ್ಕಳಿಗೆ ತಿದ್ದಿದ ವಯಸ್ಸು: ಹುಟ್ಟಿನಿಂದ ಲೆಕ್ಕ ಹಾಕಿದ ವಾರಗಳಿಂದ, 40ಕ್ಕೆ ಎಷ್ಟು ವಾರ ಕಡಿಮೆಯಿತ್ತೋ ಅಷ್ಟನ್ನು ಕಳೆಯಿರಿ. 33 ವಾರಕ್ಕೆ ಹುಟ್ಟಿದ ಮಗು ನಿಮ್ಮ 14ನೇ ವಾರದ ಭೇಟಿಯಲ್ಲಿ ನಿಜಕ್ಕೆ 7 ವಾರದ್ದು. ಅದರಲ್ಲಿ ಫಿಡ್ಜೆಟಿ ಚಲನೆ ಹುಡುಕಿ ‘ಇಲ್ಲ’ ಎಂದು ಬರೆದರೆ ಆರೋಗ್ಯವಂತ ಮಗುವಿನ ಅಪ್ಪ-ಅಮ್ಮನ ನಿದ್ದೆ ಕೆಡಿಸಿದ ಹಾಗೆ. ಗರ್ಭದ ವಾರಗಳಿಗೆ ತಾಯಿ ಕಾರ್ಡಿನಲ್ಲಿ ಬರೆದ ಮುಟ್ಟಿನ ದಿನಾಂಕದ ಜೊತೆ ಮೊದಲ ಮೂರು ತಿಂಗಳ ಸ್ಕ್ಯಾನ್ ವರದಿಯನ್ನೂ ನೋಡಿ. ಎರಡೂ ಹೊಂದದಿದ್ದರೆ ಸ್ಕ್ಯಾನಿನ ಲೆಕ್ಕಕ್ಕೆ ಹೆಚ್ಚು ತೂಕ. ಎಂಟನೇ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿನಿಂದ ವಾರ ನಿರ್ಧರಿಸಬೇಡಿ, ಆಗ ಅದು ಮಗುವಿನ ಗಾತ್ರವನ್ನು ಹೇಳುತ್ತದೆ, ದಿನವನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ.

ನಿಮ್ಮ ಅಧ್ಯಯನಕ್ಕೆ 37 ವಾರ ತುಂಬಿದವರನ್ನು ಮಾತ್ರ ತೆಗೆದುಕೊಳ್ಳುವುದು ಒಳ್ಳೆಯದು. ಇಬ್ಬರನ್ನೂ ಬೆರೆಸಿದ 40ರ ಗುಂಪಿನಲ್ಲಿ ಯಾವುದರ ಬಗ್ಗೆಯೂ ಖಚಿತವಾಗಿ ಹೇಳಲಾಗದು.

ಸಂಖ್ಯೆ: ಒಂದೇ ಮಗುವಿನ ಎರಡು ನೋಟದ ಸಮಯಗಳನ್ನು ಹೋಲಿಸುವಾಗ ಪರಿಣಾಮದ ಗಾತ್ರ (ಮಕ್ಕಳ ನಡುವಿನ ಏರುಪೇರಿಗೆ ಹೋಲಿಸಿದರೆ ಸರಾಸರಿ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು) 0.5 ಎಂದು ಹಿಡಿದರೆ, ಶೇ. 80 ಶಕ್ತಿಗೆ, ಅಂದರೆ ನಿಜವಾಗಿ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ ಶೇ. 80 ಇರಲು, 34 ಮಕ್ಕಳು ಬೇಕು. ಆದರೆ 0.5 ಅತಿಯಾಸೆ. 67 ಪ್ರಯೋಗಾಲಯಗಳು ಸೇರಿ 2,329 ಶಿಶುಗಳ ಮೇಲೆ ಮಾಡಿದ ಮೆನಿಬೇಬೀಸ್‌ನ ಮೊದಲ ಅಧ್ಯಯನದಲ್ಲಿ, ಮಗುವಿಗಾಗಿ ರಾಗ ಎಳೆದು ಆಡುವ ಮಾತಿನ ಕಡೆಗಿನ ಒಲವು, ಅಷ್ಟು ಪ್ರಸಿದ್ಧವಾದ ಫಲಿತಾಂಶ, ಬಂದದ್ದು 0.35. ಅಷ್ಟಕ್ಕೆ 67 ಮಕ್ಕಳು ಬೇಕು, ಅದೂ ಪೂರ್ತಿ ದತ್ತಾಂಶ ಕೊಟ್ಟವರು. ಮೂವರಲ್ಲಿ ಒಬ್ಬರು ಅತ್ತೋ ನಿದ್ದೆ ಹೋಗಿಯೋ ಕೈತಪ್ಪುತ್ತಾರೆ ಎಂದುಕೊಂಡರೆ ನೂರು ಮನೆ. ಅಷ್ಟು ಆಗದಿದ್ದರೆ ಭಾಷೆಯ ಭಾಗವನ್ನೇ ಬಿಟ್ಟು ಚಲನೆಯನ್ನು ಚೆನ್ನಾಗಿ ಮಾಡಿ. ನನ್ನ ಓಟು ಅದಕ್ಕೇ. ಚಲನೆಗೆ 40 ಮಕ್ಕಳು, ಐದು ಭೇಟಿ ಎಂದರೆ 200 ವಿಡಿಯೋ, ವಿವರಣಾತ್ಮಕ ಅಧ್ಯಯನಕ್ಕೆ ಅದು ಸಣ್ಣದಲ್ಲ.

ಒಂದೇ ಮಗುವಿನ ಭೇಟಿಗಳನ್ನು ಬೇರೆ ಬೇರೆ ಮಕ್ಕಳಂತೆ ಎಣಿಸಿ ಲೆಕ್ಕ ಹಾಕಬೇಡಿ. ಒಂದೇ ಮಗುವಿನ ಹಲವು ಅಳತೆಗಳನ್ನು ಒಟ್ಟಿಗೆ ಕಟ್ಟಿ ಲೆಕ್ಕ ಹಾಕುವ ಮಿಕ್ಸೆಡ್ ಮಾಡೆಲ್ ಬಳಸಿ. ತಪ್ಪಿದ ಭೇಟಿಗೆ ಸರಾಸರಿ ತುಂಬುವುದೂ ಬೇಡ.

ತೂಕ, ತಲೆಯ ಸುತ್ತಳತೆ ಹೇಗೂ ತೆಗೆಯುತ್ತೀರಲ್ಲ. ಹಿಗ್ಗದ ಟೇಪು, ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾದು, ಮೂರು ಸಲ. ಮೊದಲ ಮೂರು ತಿಂಗಳು ತಲೆ ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದೆ, ಹಾಗಾಗಿ ಅರ್ಧ ಸೆಂ.ಮೀ. ಅಳತೆ ತಪ್ಪು ಎಂದರೆ ಒಂದು ವಾರದ ಬೆಳವಣಿಗೆಯ ತಪ್ಪು. ಹೋಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನಕ. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದಾರೆ.

ಆರು_ಹತ್ತು_ಹದಿನಾಲ್ಕು ಉತ್ತರ:

ನಿಮ್ಮ 6, 10, 14ನೇ ವಾರ ಲಸಿಕೆಯ ದಿನಗಳೂ ಹೌದು. ಸಿಗಲಿಕ್ಕೆ ಅನುಕೂಲ ಎಂದು ಅದೇ ದಿನ ಇಟ್ಟರೆ ಕೆಟ್ಟಿತು. ಪೆಂಟಾವೇಲೆಂಟ್ ಲಸಿಕೆಯ ಚುಚ್ಚುಮದ್ದು ಆದ ಮೇಲೆ ಒಂದೆರಡು ದಿನ ಜ್ವರ, ತೊಡೆ ನೋವು, ಒಂದು ಕಾಲು ಆಡಿಸುವುದೇ ಇಲ್ಲ. ಚಲನೆಯ ವಿಡಿಯೋದಲ್ಲಿ ಅದು ಎಡ-ಬಲ ವ್ಯತ್ಯಾಸದ ಹಾಗೆ ಕಾಣುತ್ತದೆ. ಲಸಿಕೆಗೆ ಎರಡು-ಮೂರು ದಿನ ಮೊದಲು ಹೋಗಿ.

ಇದಕ್ಕಿಂತ ದೊಡ್ಡದು ತವರಿನ ವಿಷಯ. ಹೆಸರು ನೋಂದಾಯಿಸಿದ್ದು ಗಂಡನ ಮನೆಯ ವಿಳಾಸದಲ್ಲಿ, ಬಾಣಂತನ ತವರಿನಲ್ಲಿ, ಮೂರನೇ ತಿಂಗಳ ಸುಮಾರಿಗೆ ತೊಟ್ಟಿಲು ಸಮೇತ ವಾಪಸ್. ನಿಮ್ಮ ಮುಖ್ಯ ಭೇಟಿ, 14ನೇ ವಾರ, ಸರಿಯಾಗಿ ಮನೆ ಬದಲಾಗುವ ಹೊತ್ತು. ಉಡುಪಿಯಲ್ಲಿ ಶುರುವಾದ ಮಗು ಬೆಂಗಳೂರಿಗೋ ಮುಂಬೈಗೋ ಹೋಗಿರುತ್ತದೆ. ಮೊದಲ ಭೇಟಿಯಲ್ಲೇ ಕೇಳಿ: ಎಲ್ಲಿಯವರೆಗೆ ಇಲ್ಲಿ, ಆಮೇಲೆ ಯಾವ ಊರು, ಅಲ್ಲಿಗೆ ಬರಬಹುದೇ. ಮೂರು ಫೋನ್ ನಂಬರ್ ತೆಗೆದುಕೊಳ್ಳಿ, ಒಂದು ಅಜ್ಜಿಯದ್ದು ಇರಲೇಬೇಕು. ಮನೆ ಬದಲಾದರೆ ಭಾಷೆಯ ಶೇಕಡಾ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಮೇಲೆ ಬರೆದವರು ಮರೆತಿದ್ದಾರೆ.

ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯಾದ ಮನೆಗೆ 3, 7, 14, 21, 28, 42ನೇ ದಿನ ಹೋಗುತ್ತಾರೆ. ನಿಮ್ಮ ಎರಡನೇ ವಾರದ ಭೇಟಿಯನ್ನು ಅವರ 14ನೇ ದಿನದ ಜೊತೆ ಹೊಂದಿಸಿದರೆ ಬಾಗಿಲು ತೆರೆಯುತ್ತದೆ. ಆದರೆ ಒಪ್ಪಿಗೆ ಪತ್ರ ಅವರ ಕೈಯಲ್ಲಿ ಕೊಟ್ಟು ಸಹಿ ಹಾಕಿಸಬೇಡಿ. ದಿನಾ ಮನೆಗೆ ಬರುವವರಿಗೆ ಬೇಡ ಎನ್ನುವುದು ಬಾಣಂತಿಗೆ ಕಷ್ಟ. ಪತ್ರ ಕನ್ನಡದಲ್ಲಿದ್ದರೂ ಮನೆಯ ಭಾಷೆಯಲ್ಲಿ ಓದಿ ಹೇಳಿ.

ಚಾಪೆ_ಟ್ರೈಪಾಡ್ ಉತ್ತರ:

ಲಸಿಕೆಯ ಮಾತು ನೂರಕ್ಕೆ ನೂರು ಸರಿ, ನಾನು ಬರೆಯಬೇಕಿತ್ತು.

ಐ-ಟ್ರ್ಯಾಕರ್ ಬೇಡ. ಅದು ಹುಡುಕುವುದು ಪಾಪೆಯ ಕಪ್ಪನ್ನು. ಕಣ್ಣಿಗೆ ಹಚ್ಚಿದ ಕಾಡಿಗೆಯನ್ನೇ ಪಾಪೆ ಎಂದು ತಿಳಿದು ಗೆರೆ ಎಲ್ಲೆಲ್ಲಿಗೋ ಹಾರುತ್ತದೆ. ಆವತ್ತು ಕಾಡಿಗೆ ಬೇಡ ಎಂದು ಹೇಳಿದರೂ ನಿನ್ನೆಯದ್ದು ಉಳಿದಿರುತ್ತದೆ, ಎಳೆಯ ಕಣ್ಣನ್ನು ಉಜ್ಜುವುದು ಯಾರ ಕೆಲಸವೂ ಅಲ್ಲ. ಕುತ್ತಿಗೆ ನಿಲ್ಲದ ಮಗುವಿನ ತಲೆ ಟ್ರ್ಯಾಕರಿನ ವ್ಯಾಪ್ತಿಯಿಂದ ಜಾರುತ್ತಲೇ ಇರುತ್ತದೆ. ಲ್ಯಾಪ್‌ಟಾಪಿನ ಮೇಲೆ ಕ್ಯಾಮೆರಾ ಇಟ್ಟು ಒಂದೊಂದು ಫ್ರೇಮ್ ನೋಡಿ ಕೈಯಲ್ಲೇ ಗುರುತು ಹಾಕಿ. ಕಾಲು ಭಾಗ ವಿಡಿಯೋಗಳನ್ನು ಇನ್ನೊಬ್ಬರು ಸ್ವತಂತ್ರವಾಗಿ ಗುರುತಿಸಲಿ.

ಕರಡಿನಲ್ಲಿ ಇನ್ನೂ ಇಲ್ಲದ ಒಂದು ಪುಟ ಉಂಟು: ಏನಾದರೂ ಕಂಡರೆ ಏನು ಮಾಡುವುದು. 14 ಮತ್ತು 16ನೇ ವಾರ ಎರಡರಲ್ಲೂ ಫಿಡ್ಜೆಟಿ ಕಾಣದ ಮಗು, ಮೂರು ತಿಂಗಳಾದರೂ ಮುಖ ನೋಡಿ ನಗದ, ಕಣ್ಣಿನಿಂದ ಹಿಂಬಾಲಿಸದ ಮಗು, ಒಂದು ಕೈ ಸದಾ ಮುಷ್ಟಿ ಕಟ್ಟಿದ ಮಗು. ಇವರನ್ನು ಮಕ್ಕಳ ತಜ್ಞರ ಹತ್ತಿರ, ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವ ಪತ್ರದ ನಮೂನೆ ಮೊದಲೇ ಸಿದ್ಧವಿರಬೇಕು. ಹುಟ್ಟಿದಾಗ ಕಿವಿಯ ಸ್ಕ್ರೀನಿಂಗ್ ಆಗಿದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರರೊಳಗೆ ಖಚಿತ ಪರೀಕ್ಷೆ, ಆರರೊಳಗೆ ಚಿಕಿತ್ಸೆ ಎಂಬುದು ಲೆಕ್ಕ, ನಿಮ್ಮ ಭೇಟಿಗಳು ಅದರ ನಡುವೆಯೇ ಬರುತ್ತವೆ. ಸ್ಕ್ರೀನಿಂಗ್ ಆಗದ ಮಗುವಿನ ಮೇಲೆ ಭಾಷೆಯ ಪರೀಕ್ಷೆ ಮಾಡುವುದರಲ್ಲಿ ಅರ್ಥವೂ ಇಲ್ಲ. ವಿಡಿಯೋ ನೋಡಿ ಸ್ಥಳದಲ್ಲೇ ಅಮ್ಮನಿಗೆ ಏನೂ ಹೇಳಬೇಡಿ, ಇಬ್ಬರು ಅಂಕ ಹಾಕಿದ ಮೇಲೆ ವಾರದೊಳಗೆ ಫೋನ್ ಮಾಡಿ.

ಆ ವಿಡಿಯೋಗಳು ಬಟ್ಟೆಯಿಲ್ಲದ ಮಕ್ಕಳದ್ದು. ಮೊಬೈಲಿನಲ್ಲಿ ಶೂಟ್ ಮಾಡಬೇಡಿ, ತಾನಾಗಿ ಕ್ಲೌಡಿಗೆ ಹೋಗುತ್ತದೆ. ಅಂಕ ಹಾಕುವವರಿಗೆ ವಾಟ್ಸಾಪಿನಲ್ಲಿ ಕಳಿಸಬೇಡಿ. ಕ್ಯಾಮೆರಾದ ಕಾರ್ಡಿನಿಂದ ಪಾಸ್‌ವರ್ಡ್ ಇರುವ ಎರಡು ಹಾರ್ಡ್ ಡಿಸ್ಕಿಗೆ ಆ ದಿನವೇ ಹಾಕಿ, ಫೈಲಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟು, ಕಾರ್ಡ್ ಅಳಿಸಿ. ಡಿಸ್ಕುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಜುಲೈ ತಿಂಗಳ ನಮ್ಮ ಕಪಾಟುಗಳಲ್ಲಿ ಲೆನ್ಸಿಗೇ ಬೂಸ್ಟು ಬರುತ್ತದೆ.